ಟೇಕಿನ ಮಗ್ಗಿ

ದೀಪ ಹಚ್ಚುವ ಹೊತ್ತಾಯಿತೆಂದರೆ ನನ್ನ ತುಟಿ ತಾನಾಗಿಯೇ ಮಗ್ಗಿ ಮಣಮಣಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಇವತ್ತಿಗೂ ಒಮ್ಮೊಮ್ಮೆ ಮಣಮಣಿಸುತ್ತದೆ. ನಂಜನಗೂಡಿನ ನಮ್ಮ ಮನೆ ದೊಡ್ಡದೇನಲ್ಲ. ಬೀದಿಗೆ ಒಂದು ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ತಗಡಿನ ಬಾಗಿಲ ಬಚ್ಚಲು. ಪಡಸಾಲೆಯ ಗೋಡೆಯಲ್ಲಿ ದೇವರ ಗೂಡು. ಅದರಲ್ಲಿ ನಂಜುಂಡೇಶ್ವರನ ಪಟ, ವಿಭೂತಿ ಗಟ್ಟಿ, ಎಣ್ಣೆ ಜಿಡ್ಡಿನ ದೀಪ, ಅವುಗಳ ಪಕ್ಕದಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್-ಕನ್ನಡ ಡಿಕ್ಷನರಿ. ಕೈಕಾಲು ತೊಳೆಯದೆ ಅದನ್ನು ಮುಟ್ಟುವಂತಿರಲಿಲ್ಲ. ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಮಣೆಗಳ ಜೊತೆ ಅದಕ್ಕೂ ಅರಿಸಿನ ಕುಂಕುಮ ಬೀಳುತ್ತಿತ್ತು. ಅಪ್ಪ ಕುಂಕುಮ ಇಡುತ್ತಿದ್ದದ್ದು ಮೊದಲ ಹಾಳೆಗಲ್ಲ. ಪುಸ್ತಕದ ಕೊನೆಯ ಹತ್ತಿರ, ಟೇಕ್ ಎಂಬ ಪದ ಶುರುವಾಗುವ ಹಾಳೆಗೆ. ವರ್ಷ ವರ್ಷವೂ ಇಟ್ಟು ಇಟ್ಟು ಆ ಹಾಳೆ ಕೆಂಪಗಾಗಿತ್ತು.

ಅಪ್ಪ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಾಮಾನು ಎತ್ತಿಡುವ ಕೆಲಸಕ್ಕಿದ್ದ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕಟ್ಟಿ ಮೂರು ಸಲವೂ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವನು. ಮೂರು ಸಲವೂ ಟೇಕ್ ಪದವನ್ನು ಬಗೆಬಗೆಯಾಗಿ ಬಳಸಿ ವಾಕ್ಯ ಮಾಡಿ ಎಂಬ ಪ್ರಶ್ನೆ ಬಂದಿತ್ತಂತೆ. ಮೂರು ಸಲವೂ ಅಪ್ಪ ಆ ಜಾಗವನ್ನು ಖಾಲಿ ಬಿಟ್ಟು ಬಂದಿದ್ದನಂತೆ. ಬೇರೆ ಯಾವ ಪ್ರಶ್ನೆಗೆ ಏನು ಬರೆದಿದ್ದನೋ, ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತನ್ನ ಬಾಳನ್ನು ಹಾಳು ಮಾಡಿದ್ದು ಆ ಒಂದು ಪದ ಎಂದು ತೀರ್ಮಾನಿಸಿಬಿಟ್ಟ. ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಡಿಕ್ಷನರಿ ತೆಗೆದು ನೋಡಿದರೆ, ಅಯ್ಯಯ್ಯೋ, ಆ ಪದದ ಅರ್ಥಗಳು ಹಾಳೆ ತುಂಬಿ ಆಚೆ ಹಾಳೆಗೂ ಹರಿದಿದ್ದವು. ಬೇರೆಯವರಾಗಿದ್ದರೆ ಮುಚ್ಚಿಟ್ಟು ಕೈಮುಗಿಯುತ್ತಿದ್ದರು. ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟ.

"ಗೊನೆ ಕೈಗೆ ಸಿಕ್ದ್ರೆ ಹಣ್ಣೆಲ್ಲ ಸಿಕ್ದಂಗೆ ಕಣೆ ಮಂಗ್ಳ. ಇದೊಂದು ಹಿಡ್ಕೊ ನೀನು. ಇಂಗ್ಲಿಷು ಬಾಲ ಮುದುರ್ಕೊಂಡು ನಿನ್ನ ಹಿಂದೆ ಬತ್ತದೆ."

ಹೀಗೆ ಎಂಟನೇ ತರಗತಿಯಿಂದ ನನಗೆ ಟೇಕಿನ ಮಗ್ಗಿ ಶುರುವಾಯಿತು. ಮಗ್ಗಿಯೇ ಅದು. ಎರಡೊಂದ್ಲೆ ಎರಡು ಅನ್ನುವ ಧಾಟಿಯಲ್ಲೇ ಹೇಳಬೇಕು. ಟೇಕ್ ಆಫ್, ಕಳಚು; ಟೇಕ್ ಆಫ್, ವಿಮಾನ ಮೇಲೇಳು; ಟೇಕ್ ಆಫ್ಟರ್, ಹೆತ್ತವರನ್ನು ಹೋಲು; ಟೇಕ್ ಡೌನ್, ಬರೆದುಕೋ; ಟೇಕ್ ಇನ್, ಮನೆಗೆ ಸೇರಿಸಿಕೋ; ಟೇಕ್ ಇನ್, ಮೋಸ ಮಾಡು. ಮನೆಗೆ ಸೇರಿಸಿಕೊಳ್ಳುವುದೂ ಅದೇ, ಮೋಸ ಮಾಡುವುದೂ ಅದೇ ಆದರೆ ಮಗು ಏನು ಮಾಡಬೇಕು? ಕೇಳುವ ಹಾಗಿರಲಿಲ್ಲ. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಚಕ್ಕಂಬಕ್ಕಳ ಹಾಕಿ ಕೂತು ಪುಸ್ತಕ ತೊಡೆಯ ಮೇಲೆ ಬಿಡಿಸಿಕೊಳ್ಳುತ್ತಿದ್ದ. ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ನಾನು ತಪ್ಪಿದರೆ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ. ಅಡುಗೆಮನೆಯಲ್ಲಿ ಮುದ್ದೆ ಆರುತ್ತಿತ್ತು, ಉಪ್ಸಾರು ಆರುತ್ತಿತ್ತು, ತಂಗಿ ಗೊಳೋ ಅನ್ನುತ್ತಿದ್ದಳು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಬರುತ್ತಿದ್ದ ಪದವೂ ಮರೆತುಹೋಗುತ್ತಿತ್ತು.

"ಉಸುರು ಎಳ್ಕೊಳ್ಳೋದೂ ಟೇಕು, ಬಸ್ ಹತ್ತೋದೂ ಟೇಕು, ಮಾತ್ರೆ ನುಂಗೋದೂ ಟೇಕು. ಬ್ಯಾರೆ ಮಾತೇ ಇಲ್ವೇನೋ ಅವ್ರಿಗೆ. ಪಾಪ, ಬಡವ್ರು ಕಣೆ," ಅನ್ನುತ್ತಿದ್ದಳು ಅವ್ವ ಒಂದೊಂದು ಸಲ, ಅಪ್ಪನಿಗೆ ಕೇಳದ ಹಾಗೆ.

ಇಷ್ಟೇ ಆಗಿದ್ದರೆ ಎಲ್ಲರ ಮನೆಯ ಓದಿನ ಕಾಟದಂತೆ ಇದೂ ಒಂದು ಎಂದು ನಕ್ಕು ಮರೆಯಬಹುದಿತ್ತು. ನಾನು ಹತ್ತನೇ ತರಗತಿಗೆ ಬಂದ ವರ್ಷ ಹೆಮ್ಮಿಗೆಯಲ್ಲಿ ಅವ್ವನ ತಾಯಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಾಯಿ ಒಂದು ಕಡೆಗೆ ಎಳೆಯಿತು, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಯಿತು. ನಾವೆಲ್ಲ ನೋಡಲು ಹೋದಾಗ ಅಜ್ಜಿ ನನ್ನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡಿತು. ನಾನು ಹುಟ್ಟಿದ್ದು ಆ ಮನೆಯಲ್ಲೇ. ತೊಟ್ಟಿಲಿಗೆ ಹಾಕಿದ ದಿನವೇ, ಇವಳು ನನ್ನ ಮಗನಿಗೆ ಎಂದು ಅಜ್ಜಿ ಹತ್ತು ಜನರ ಮುಂದೆ ಹೇಳಿತ್ತಂತೆ. ಆ ಮಗ, ಅಂದರೆ ಅವ್ವನ ತಮ್ಮ ಶಿವಮಲ್ಲು, ಆಗ ಹದಿಮೂರು ವರ್ಷದ ಹುಡುಗ. ನಾನು ಅವನನ್ನು ಮಲ್ಲು ಮಾವ ಎಂದು ಕರೆಯುತ್ತಿದ್ದೆ. ಈಗ ಅವನಿಗೆ ಇಪ್ಪತ್ತೆಂಟು, ನನಗೆ ಹದಿನೈದು. ಹದಿನೆಂಟು ತುಂಬದೆ ಮದುವೆ ಮಾಡಬಾರದೆಂದು ಊರಿನ ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು. ಗೋಡೆ ಬಿಟ್ಟು ಅದು ಯಾರ ಮನೆಯೊಳಕ್ಕೂ ಬಂದಿರಲಿಲ್ಲ.

"ನನ್ ಕಣ್ಣು ಮುಚ್ಚೋಕ್ ಮುಂಚೆ ಅಕ್ಷತೆ ಆಕ್ಬುಡ್ಲಾ ಮಲ್ಲ," ಎಂದಿತು ಅಜ್ಜಿ. ಮಾವ ನೆಲ ನೋಡುತ್ತಾ ನಿಂತಿದ್ದ.

ಅಪ್ಪ ಗಂಟಲು ಸರಿಮಾಡಿಕೊಂಡ. "ಅತ್ತೆ, ಹುಡುಗಿ ಎಸ್ಸೆಸ್ಸೆಲ್ಸಿ ಬರೀಲಿ. ಪಾಸಾದ್ರೆ ಕಾಲೇಜ್ಗೆ ಕಳಿಸ್ತೀನಿ, ಆಗ ಈ ಮಾತು ಎತ್ತಬೇಡಿ. ಫೇಲಾದ್ರೆ ಅದೇ ತಿಂಗ್ಳು ನಿಮ್ಮ ಮನೆ ತುಂಬಿಸ್ಕೊಳ್ಳಿ. ನಂಜುಂಡಪ್ಪನಾಣೆ."

ಅಜ್ಜಿ ಒಪ್ಪಿತು. ಒಪ್ಪದೆ ಏನು? ನಮ್ಮ ಎರಡೂ ಮನೆತನದಲ್ಲಿ ಹತ್ತನೇ ತರಗತಿಯ ಇಂಗ್ಲಿಷು ದಾಟಿದವರು ಒಬ್ಬರೂ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ನನ್ನ ಕಡೆ ನೋಡಲಿಲ್ಲ. ಅವ್ವ ಸೆರಗಿನ ತುದಿಯನ್ನು ಕಚ್ಚಿಕೊಂಡು ಕೂತಿದ್ದಳು. ಮನೆಗೆ ಬಂದ ಮೇಲೆ ಇಬ್ಬರಿಗೂ ಜಗಳವಾಯಿತು, ನಾನು ಕಂಡ ಹಾಗೆ ಅವ್ವ ಬಾಯಿ ಎತ್ತರಿಸಿ ಆಡಿದ ಮೊದಲ ಜಗಳ.

"ನಿಮ್ ಕೈಲಿ ಮೂರ್ ಸಲ ಆಗ್ದಿದ್ನ ಒಂದೇ ಸಲಕ್ಕೆ ಮಾಡ್ಲಿ ಅಂತ ಮಗಳ್ನ ಪಣಕ್ಕಿಟ್ಬಿಟ್ರಲ್ಲ!"

ಅಪ್ಪ ತಟ್ಟೆ ಸರಿಸಿ ಎದ್ದುಹೋದ. ಆ ವಾರದಿಂದ ಮಲ್ಲು ಮಾವ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರತೊಡಗಿದ. ಒಂದು ಚೀಲ ಅವರೆಕಾಯನ್ನೋ ನಾಲ್ಕು ಎಳನೀರನ್ನೋ ತಂದು ಅಡುಗೆಮನೆಯ ಬಾಗಿಲಲ್ಲಿಟ್ಟು ಜಗಲಿಗೆ ಹೋಗಿ ಕೂರುತ್ತಿದ್ದ. ಮೊದಲನೇ ಭಾನುವಾರವೇ ಅಪ್ಪನಿಗೆ ಹೇಳಿದ:

"ಬಾವ, ಭಾನ್ವಾರ ನೀವು ಅತ್ಲಾಗೆ ಒಸಿ ಮನೀಕೊಳ್ಳಿ. ಕೂಸಿನ ಪಾಠ ನಾನು ಒಪ್ಪಿಸ್ಕತೀನಿ."

ನನ್ನ ಜೀವ ಬಾಯಿಗೆ ಬಂತು. ಮಾವ ಏಳನೇ ತರಗತಿಯವರೆಗೆ ಓದಿದ್ದ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಬಲ್ಲ, ಅಷ್ಟೇ. ಡಿಕ್ಷನರಿಯನ್ನು ಪಂಚೆಯ ಮೇಲಿಟ್ಟುಕೊಂಡು, ಮಣ್ಣು ಹತ್ತಿದ ಬೆರಳನ್ನು ಸಾಲಿನ ಮೇಲೆ ಸರಿಸುತ್ತಾ, ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತಿದ್ದ. ನಾನು ತಡವರಿಸಿದ ಕಡೆ ಪೆನ್ನಿನಲ್ಲಿ ಗುರುತು ಮಾಡುತ್ತಿರಲಿಲ್ಲ, ಹೆಬ್ಬೆರಳಿನ ಉಗುರನ್ನು ಹಾಳೆಯ ಅಂಚಿಗೆ ಒತ್ತುತ್ತಿದ್ದ. ಅವನು ಹೋದ ಮೇಲೆ ನಾನು ಆ ಹಾಳೆಯನ್ನು ಕಣ್ಣು ಮುಚ್ಚಿಕೊಂಡು ಸವರುತ್ತಿದ್ದೆ. ಅಲ್ಲಲ್ಲಿ ಚಂದ್ರನ ಚೂರಿನಂಥ ತಗ್ಗುಗಳು ಬೆರಳಿಗೆ ಹತ್ತುತ್ತಿದ್ದವು. ಇವನ್ನೆಲ್ಲ ಹೋಗಿ ಅಜ್ಜಿಗೆ ವರದಿ ಒಪ್ಪಿಸುತ್ತಾನೆ, ಇಷ್ಟು ತಪ್ಪಿದಳು ಕಣವ್ವ, ಇವಳು ಪಾಸಾಗೋ ಗಿರಾಕಿ ಅಲ್ಲ, ಚಪ್ಪರಕ್ಕೆ ಬಿದಿರು ಕಡಿಸು ಅನ್ನುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ಭಯಕ್ಕೆ ಕೈ ಬೆವತು ಕುಂಕುಮದ ಬಣ್ಣ ಬೆರಳಿಗೆ ಅಂಟುತ್ತಿತ್ತು.

ಮುಂದಿನ ಭಾನುವಾರ ಬಂದವನು ಬೇರೆ ಏನನ್ನೂ ಕೇಳದೆ ಆ ತಗ್ಗುಗಳನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದ. ಹುಣ್ಣಿದ್ದ ಕಡೆಗೇ ಕೋಲು ಹಾಕುವುದು ಅನ್ನುತ್ತಾರಲ್ಲ, ಹಾಗೆ. ಸಾಲದೆಂಬಂತೆ ಹೊಸದೊಂದು ಕಾಟ ಶುರುಮಾಡಿದ. ಮಗ್ಗಿಯಂತೆ ಹೇಳಿದರೆ ಆಗದು.

"ಅಂಗ್ ಗಿಣಿ ತರ ಏಳ್ಬ್ಯಾಡ ಕೂಸೇ. ಅದು ಈ ಮನೇಲಿ ಎಲ್ ನಡೀತದೆ, ಅದ್ನ ಕಟ್ಟಿ ಏಳು. ನಂಗೂ ತಿಳೀಲಿ."

"ಮೈ ಗ್ರ್ಯಾಂಡ್‌ಮದರ್ ಟುಕ್ ಟು ಹರ್ ಬೆಡ್," ಎಂದೆ ನಡುಗುತ್ತಾ. "ನಮ್ಮಜ್ಜಿ ಹಾಸಿಗೆ ಹಿಡಿದ್ಲು."

"ಸರಿ. ಇನ್ನೊಂದು."

"ಐ ಟೇಕ್ ಆಫ್ಟರ್ ಮೈ ಮದರ್. ನಾನು ಅವ್ವನ ಥರ ಇದೀನಿ."

"ಸರಿ. ಈ ಟೇಕ್ ಫಾರ್ ಅನ್ನೋದು?"

"ಹಿ ಟೇಕ್ಸ್ ಮಿ ಫಾರ್ ಎ ಚೈಲ್ಡ್. ನನ್ನನ್ನ ಮಗು ಅಂದ್ಕೊಂಡಿದಾನೆ."

"ಯಾರು?"

ನಾನು ಗಾಬರಿಯಾದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ, ಯಾರೂ ಮನಸ್ಸಿನಲ್ಲಿರಲಿಲ್ಲ. "ಅಪ್ಪ," ಎಂದೆ.

ಮಾವ ಆ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡ. ಆಮೇಲೆ, "ಅದೂ ಸರಿಯಾಗೇ ಅದೆ," ಅಂದು ಹಾಳೆ ಮಗುಚಿದ.

ಶಿವರಾತ್ರಿಯ ಮಾರನೆ ದಿನ ಹೆಮ್ಮಿಗೆಗೆ ಹೋದಾಗ ಉಳಿದಿದ್ದ ಚೂರು ಧೈರ್ಯವೂ ಹೋಯಿತು. ಅಜ್ಜಿ ಎಡಗೈಯಿಂದಲೇ ಸನ್ನೆ ಮಾಡಿ ಟ್ರಂಕು ತೆಗೆಸಿ ಒಂದು ಸೀರೆ ಹೊರಗೆಳೆಸಿತು. ಬಿಳಿಯ ಮೈ, ಕೆಂಪು ಅಂಚು, ಮಡಿಕೆಯಲ್ಲಿ ಬೇವಿನ ಎಲೆ. ಧಾರೆ ಸೀರೆ. ನನ್ನ ಹೆಗಲ ಮೇಲೆ ಹೊದಿಸಿ, ತಲೆ ವಾರೆ ಮಾಡಿ ನೋಡಿ, "ಒಪ್ತದೆ ಕಣೆ," ಅಂದಿತು. ಬೇವಿನ ವಾಸನೆ ಮೂಗಿಗೆ ಹೊಡೆದು ನಾನು ಮುಖ ತಿರುಗಿಸಿಕೊಂಡೆ. ಮಲ್ಲು ಮಾವ ಹೊಸ್ತಿಲ ಆಚೆಯಿಂದ ಅದನ್ನು ಕಂಡವನು ಒಳಗೆ ಬರಲೇ ಇಲ್ಲ. ಗದ್ದೆಗೆ ನೀರು ಕಟ್ಟಬೇಕೆಂದು ಹೊರಟವನು ಊಟಕ್ಕೂ ಬರಲಿಲ್ಲ. "ಮದ್ಲಿಂಗನಿಗೆ ನಾಚ್ಕೆ," ಎಂದು ಹೆಂಗಸರು ನಕ್ಕರು. ಎಲ್ಲರ ಜೊತೆ ಅವ್ವನೂ ನಗಬೇಕಾಯಿತು, ನಕ್ಕಳು. ನಾನು ಎಲೆಯ ಮುಂದೆ ಕೂತು ಅನ್ನವನ್ನು ಕಲಸುತ್ತಲೇ ಇದ್ದೆ.

ಇಂಗ್ಲಿಷ್ ಪರೀಕ್ಷೆಯ ಬೆಳಿಗ್ಗೆ ಅಪ್ಪ ನನ್ನ ಹಣೆಗೆ ವಿಭೂತಿ ಹಚ್ಚಿ ಕಾರ್ಖಾನೆಗೆ ಹೋದ. ಬೆಳಗಿನ ಬಸ್ಸಿಗೆ ಬಂದು, ಪಕ್ಕದ ಮನೆಯ ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಮಲ್ಲು ಮಾವ. ದಾರಿಯುದ್ದಕ್ಕೂ ಏದುಸಿರು ಬಿಡುತ್ತಾ ತುಳಿದ. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ನಾನು ಮಾಡಿದ ಮೊದಲ ಕೆಲಸ ಟೇಕನ್ನು ಹುಡುಕಿದ್ದು. ಈ ಪುಟದಲ್ಲಿಲ್ಲ. ಮಗುಚಿದೆ. ಅಲ್ಲೂ ಇಲ್ಲ. ಕೊನೆಯ ಸಾಲಿನವರೆಗೆ ಓದಿದೆ, ಮತ್ತೆ ಮೇಲಿನಿಂದ ಓದಿದೆ. ಮೂರು ವರ್ಷದ ಮಗ್ಗಿ, ಮೂರು ವರ್ಷದ ತಣ್ಣನೆ ಮುದ್ದೆ, ಅಪ್ಪನ ಕುಂಕುಮ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಪಕ್ಕದ ಹುಡುಗಿಯ ಪೆನ್ನು ಪರಪರ ಓಡುತ್ತಿತ್ತು. ನನ್ನ ಕಣ್ಣ ಮುಂದೆ ಬಿಳಿ ಸೀರೆಯ ಕೆಂಪು ಅಂಚು ಬಿಟ್ಟರೆ ಇನ್ನೇನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣಿಗೆ ಬಿದ್ದದ್ದು ಪತ್ರದ ಪ್ರಶ್ನೆ: ನಿಮ್ಮ ಮನೆಯ ಬಗ್ಗೆ ಗೆಳತಿಗೊಂದು ಪತ್ರ ಬರೆಯಿರಿ.

ನನ್ನ ಮನೆಯಲ್ಲಿ ಎಲ್ಲೆಲ್ಲಿ ಏನೇನು ನಡೆಯುತ್ತದೆಂಬುದನ್ನು ಆರು ತಿಂಗಳ ಭಾನುವಾರಗಳಲ್ಲಿ ಜಗಲಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಹೇಳಿಯೇ ಹೇಳಿದ್ದೆ. ಯಾರೂ ಕೇಳದಿದ್ದ ಟೇಕನ್ನೆಲ್ಲ ಅಲ್ಲಿ ಸುರಿದೆ. ಅಪ್ಪ ಚಪ್ಪಲಿ ಕಳಚುವುದು, ಅಜ್ಜಿ ಹಾಸಿಗೆ ಹಿಡಿದದ್ದು, ನಾನು ಅವ್ವನಂತಿರುವುದು, ಮಾವ ಬೆಳಗಿನ ಬಸ್ಸು ಹಿಡಿಯುವುದು. ಕೈ ಬಿಸಿಯಾದ ಮೇಲೆ ಪಾಠದ ಪ್ರಶ್ನೆಗಳಿಗೂ ಅಂಥವೇ ಪುಟ್ಟ ಪುಟ್ಟ ವಾಕ್ಯ ಕಟ್ಟಿ ತುಂಬಿಸಿದೆ. ಸರಿಯೋ ತಪ್ಪೋ, ಜಾಗ ಖಾಲಿ ಬಿಡಲಿಲ್ಲ.

ಸಂಜೆ ಅಪ್ಪ ಪ್ರಶ್ನೆಪತ್ರಿಕೆಯನ್ನು ದೀಪದ ಹತ್ತಿರ ಹಿಡಿದು ಹುಡುಕಿದ.

"ಎಲ್ಲೇ?"

"ಇಲ್ಲ ಅಪ್ಪ."

"ಇಲ್ಲ ಅಂದ್ರೆ? ಸರಿಯಾಗಿ ನೋಡು."

"ಬಂದಿಲ್ಲ ಅಪ್ಪ."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೆ ಮೂರು ವರ್ಷ ಅಪ್ಪನ ಭಯವಿತ್ತು. ಅಪ್ಪನಿಗೂ ಭಯವಾಗಬಹುದೆಂದು ಆ ಸಂಜೆಯೇ ಗೊತ್ತಾದದ್ದು. ಅದನ್ನು ನೋಡುವುದಕ್ಕಿಂತ ಮಗ್ಗಿ ತಪ್ಪಿ ಉಪವಾಸ ಕೂರುವುದು ಎಷ್ಟೋ ಮೇಲಾಗಿತ್ತು. ಅವತ್ತು ಒಪ್ಪಿಸದೆಯೇ ಮುದ್ದೆ ಸಿಕ್ಕಿತು. ಎಲ್ಲರೂ ಅರ್ಧ ಮುರಿದು ತಟ್ಟೆಯಲ್ಲೇ ಬಿಟ್ಟರು. ಮಾರನೆಯ ಭಾನುವಾರ ಮಾವ ಬರಲಿಲ್ಲ, ಅದರಾಚೆಯ ಭಾನುವಾರವೂ ಬರಲಿಲ್ಲ. ಮದುವೆಗೆ ಮುಂಚೆ ಗಂಡು ಹೆಣ್ಣಿನ ಮನೆಗೆ ಬರಬಾರದೆಂದು ಇರಬೇಕು ಅಂದುಕೊಂಡೆ. ಹೆಮ್ಮಿಗೆಯಿಂದ ಬಂದವರು ಬಿದಿರು ಕಡಿಸಿದ್ದಾರೆಂದು ಹೇಳಿದರು. ಅವ್ವ ರಾಗಿ ಕೇರುತ್ತಾ ಕೇರುತ್ತಾ ಮೊರವನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದಳು.

ಫಲಿತಾಂಶದ ದಿನ ನಾನು ಬಚ್ಚಲಿಗೆ ಹೋಗಿ ತಗಡಿನ ಬಾಗಿಲು ಹಾಕಿಕೊಂಡೆ. ಅಪ್ಪ ರಜೆ ಹಾಕಿದ್ದ, ಆದರೆ ಶಾಲೆಗೆ ಹೋಗಲು ಅವನಿಗೆ ಕಾಲೇಳಲಿಲ್ಲ. ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದ. ನಾನು ಹಂಡೆಗೆ ಒರಗಿ, ತಣ್ಣನೆಯ ಕಲ್ಲಿನ ಮೇಲೆ ಕೂತು ಯಾವುದೋ ಅಭ್ಯಾಸಬಲಕ್ಕೆ ಟೇಕಿನ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಸುಮಾರು ಹೊತ್ತಾದ ಮೇಲೆ ಯಾರೋ ಓಡಿಬಂದು ಹಿತ್ತಲಿನ ಬೇಲಿ ದಾಟಿದ ಸದ್ದಾಯಿತು. ಒಳಗಿನ ಮಗ್ಗಿ ಕೇಳಿಸಿತೋ ಏನೋ, ಬಾಗಿಲನ್ನು ಗುದ್ದಿದರು.

"ಕೂಸೇ! ಪಾಸು ಕಣವ್ವ! ನಲ್ವತ್ತೊಂದು ಬಂದದೆ! ಇಂಗ್ಲಿಷ್ಗೆ ನಲ್ವತ್ತೊಂದು!"

ಬಾಗಿಲು ತೆಗೆದೆ. ಮಲ್ಲು ಮಾವ. ಮೊದಲ ಬಸ್ಸಿಗೆ ಬಂದು, ನಮ್ಮ ಮನೆಗೆ ಬಾರದೆ ನೇರ ಶಾಲೆಗೆ ಹೋಗಿ, ಗೋಡೆಗೆ ಪಟ್ಟಿ ಅಂಟಿಸುವವರೆಗೂ ಬಿಸಿಲಲ್ಲಿ ನಿಂತಿದ್ದನಂತೆ. ಅಂಗಿಯೆಲ್ಲ ತೊಯ್ದಿತ್ತು. ಆ ಎತ್ತರದ ಗಂಡಸು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿ, ಟವೆಲಿಗೆ ಮುಖ ಒತ್ತಿಕೊಂಡು ಗಳಗಳ ಅತ್ತುಬಿಟ್ಟ. ನನಗೆ ಏನೊಂದೂ ಅರ್ಥವಾಗಲಿಲ್ಲ. ಹೆಣ್ಣು ತಪ್ಪಿಹೋಯಿತೆಂದು ಅಳುತ್ತಿದ್ದಾನೆ ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

"ಎದರ್ಕಬ್ಯಾಡ," ಎಂದ. "ನಿನ್ ತೊಟ್ಲು ತೂಗಿದ್ ಕೈ ಕಣವ್ವ ಇದು. ಅಕ್ಕ ಬಾಣಂತನಕ್ ಬಂದಿದ್ದಾಗ ಮೂರ್ ತಿಂಗ್ಳು ತೂಗಿವ್ನಿ. ಈ ಕೈಲಿ ತಾಳಿ ಕಟ್ಟಕಾದದಾ? ನೀನೇ ಏಳು."

"ಅಜ್ಜಿಗೆ ಆಗಲ್ಲ ಅನ್ನಬೇಕಿತ್ತು."

"ಅವ್ವನ್ ಮುಂದೆ ನಂಗೆ ಬಾಯೇ ಬರಕಿಲ್ಲ. ಕೂಳು ಬುಟ್ಬುಡ್ತೀನಿ ಅಂತಳೆ, ಸತ್ತೋಯ್ತೀನಿ ಅಂತಳೆ. ನೀನು ಪಾಸಾಗೋದೊಂದೇ ದಾರಿ ಇದ್ದುದ್ದು."

ಆಗ ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು. "ನಂಗೆ ಮೊದ್ಲೇ ಯಾಕೆ ಹೇಳಲಿಲ್ಲ ಮಾವ? ನಿನ್ನ ಕಂಡ್ರೆ ಜೀವ ಹೋಗ್ತಿತ್ತು ನಂಗೆ!"

ಅವನು ಮುಖ ಒರೆಸಿಕೊಂಡು ನೆಲ ನೋಡಿದ. "ಏಳಿದ್ರೆ ನೀನು ಬಾಯ್ಬುಡ್ತಿದ್ದೆ, ಅವ್ವನ್ ಕಿವಿಗೆ ಬೀಳ್ತಿತ್ತು. ಮ್ಯಾಲಾಗಿ... ಎದ್ರುಕೆ ಇದ್ದುದ್ಕೇ ಓದ್ದೆ ನೀನು."

ಆ ಮಾತಿನಲ್ಲಿ ನಿಜವಿತ್ತು. ನಿಜವಿತ್ತೆಂದೇ ನಾನು ಅದನ್ನು ವರ್ಷಗಟ್ಟಲೆ ಕ್ಷಮಿಸಲಿಲ್ಲ. ಕಾಲೇಜು ಮುಗಿಸಿ, ತಿ. ನರಸೀಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ಅಪ್ಪ ಡಿಕ್ಷನರಿಯನ್ನು ಗೂಡಿನಿಂದ ತೆಗೆದು ನನ್ನ ಕೈಗೇ ಕೊಟ್ಟುಬಿಟ್ಟ. ನನ್ನ ತರಗತಿಯಲ್ಲಿ ಮಾತ್ರ ಮಗ್ಗಿ ಇಲ್ಲ. ಯಾವ ಹುಡುಗಿಯಾದರೂ ಎದ್ದು ನಿಂತು ಬಾಯಿ ಒಣಗಿಸಿಕೊಂಡರೆ, ಕೂತ್ಕೊಳ್ಳಮ್ಮ, ನಿಮ್ಮನೇಲಿ ಅದು ಎಲ್ಲಿ ನಡೀತದೆ ಹೇಳು ಅನ್ನುತ್ತೇನೆ. ಅದು ಮಾವನ ಮಾತೆಂದು ಗೊತ್ತಿದ್ದೂ ಅವನೊಡನೆ ಮಾತ್ರ ಎರಡು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅವನು ತಡವಾಗಿ ಮೂಗೂರಿನ ಕಡೆಯ ಹೆಣ್ಣನ್ನು ಮದುವೆಯಾದ. ಮಗಳು ಹುಟ್ಟಿದಾಗ ನನಗೂ ಮದುವೆಯಾಗಿ, ಕಂಕುಳಲ್ಲಿ ಎರಡು ವರ್ಷದ ಮಗನಿದ್ದ.

ತೊಟ್ಟಿಲ ಶಾಸ್ತ್ರಕ್ಕೆ ಹೋದೆ. ಅದೇ ನಡುಮನೆ, ಅದೇ ತೊಟ್ಟಿಲು. ಮಾವ ಕೂಸನ್ನು ಮಲಗಿಸಿ, ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟು, "ತೂಗವ್ವ," ಅಂದ. ನಾನು ತೂಗಿದೆ. ಮೂಲೆಯ ಮಂಚದ ಮೇಲೆ ಅಜ್ಜಿ ದಿಂಬಿಗೆ ಒರಗಿ ಕೂತಿತ್ತು. ಕಣ್ಣು ಮುಚ್ಚುತ್ತೀನಿ ಅಂದು ಅಂದೇ ಇಷ್ಟು ವರ್ಷ ಗಟ್ಟಿಯಾಗಿ ಬಾಳಿದ್ದ ಅಜ್ಜಿ. ವಾರೆಯಾದ ಬಾಯಲ್ಲಿ ನಕ್ಕು, ನನ್ನ ಮಗನ ಕಡೆ ಎಡಗೈ ಚಾಚಿ, ಹತ್ತು ಜನರ ಮುಂದೆ ಹೇಳಿತು:

"ನೀನಂತೂ ತಪ್ಪಿಸ್ಕಂಡೆ. ಈ ಕೂಸು ನಿನ್ ಮಗನ್ಗೆ ಕಣೆ ಮಂಗ್ಳ. ಮಾತಾಯ್ತು."

ಹಗ್ಗ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಬೇವಿನ ವಾಸನೆ ಬಂತು. ಹೆಂಗಸರು ನಗಲು ಶುರುಮಾಡಿದ್ದರು. ಮಕ್ಕಳಿಗೆ ದಿನವೂ ಎದೆ ಎತ್ತಿ ಮಾತಾಡಿ ಎಂದು ಪಾಠ ಮಾಡುವ ನನಗೇ ಬಾಯಿ ಬರಲಿಲ್ಲ. ಮಲ್ಲು ಮಾವ ಬಾಗಿಲಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದ. ಎಂದಿನಂತೆ ನೆಲ ನೋಡುತ್ತಿದ್ದ. ತಟ್ಟೆಯನ್ನು ಕೆಳಗಿಟ್ಟ. ತೊಟ್ಟಿಲ ಹತ್ತಿರ ಬಂದು ತನ್ನ ಕೈಯನ್ನೂ ಹಗ್ಗದ ಮೇಲಿಟ್ಟ.

"ಬ್ಯಾಡ ಕಣವ್ವ," ಎಂದ ತನ್ನ ತಾಯಿಗೆ. "ಈ ತೊಟ್ಲ ಮುಂದೆ ಆ ಮಾತು ಇನ್ನೊಂದ್ ಸಲ ಆಡ್ಬ್ಯಾಡ."